ಮಂಗಳೂರಲ್ಲಿ ಹೊತ್ತು ನೋಡಿ ಉಣ್ಣಿ: ಹೊಸಬರಿಗೊಂದು ಸಮಗ್ರ ಮಾರ್ಗದರ್ಶಿ

ಮಂಗಳೂರಿಗೆ ಮೊದಲ ಸಲ ಬರುವವರು ‘ಊಟಕ್ಕೆ ಒಳ್ಳೆಯ ಹೋಟೆಲ್ ಯಾವುದು?’ ಎಂದು ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ ಉಂಟು: ಈಗ ಗಂಟೆ ಎಷ್ಟು, ಇದು ಯಾವ ತಿಂಗಳು, ನಾನು ನಿಂತಿರುವುದು ಯಾವ ಬೀದಿಯಲ್ಲಿ? ಬೆಳಿಗ್ಗೆ ಎಂಟಕ್ಕೆ ಸಿಗುವ ಸಜ್ಜಿಗೆ-ಬಜಿಲ್ ಹನ್ನೊಂದಕ್ಕೆ ಖಾಲಿ. ಮಧ್ಯಾಹ್ನ ಒಂದಕ್ಕೆ ಕಾವಲಿಯಿಂದ ಏಳುವ ಕಾಣೆ ಮೀನು ಮೂರಕ್ಕೆ ಮುಗಿದಿರುತ್ತದೆ. ಸಂಜೆ ನಾಲ್ಕರ ಗೋಳಿಬಜೆಯನ್ನು ಏಳಕ್ಕೆ ಕೇಳಿದರೆ ತಣ್ಣಗಾದದ್ದು ಸಿಕ್ಕೀತು. ಹೊತ್ತು ತಪ್ಪಿ ಬಂದವರಿಗೆ ಎಲ್ಲ ಊರಲ್ಲೂ ಸಿಗುವ ಗೋಬಿ ಮಂಚೂರಿ, ಫ್ರೈಡ್ ರೈಸೇ ಗತಿ. ಹೊತ್ತಿಗೆ ಸರಿಯಾಗಿ ಹೋದವರಿಗೆ ತುಳುವರು, ಕೊಂಕಣಿಗರು, ಬ್ಯಾರಿಗಳು (ಕರಾವಳಿಯ ಮುಸ್ಲಿಮರು), ಕ್ರೈಸ್ತರು ಎಲ್ಲರ ಅಡುಗೆಯ ರುಚಿಯೂ ಒಂದೆರಡು ದಿನದಲ್ಲೇ ಸಿಗುತ್ತದೆ. ಘಟ್ಟದ ಮೇಲಿನಿಂದ ಎರಡು ದಿನಕ್ಕೆಂದು ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಟಿಕೆಟ್ ಮಾಡಿಸುವ ಮೊದಲು

ಮೀನಿಗಾಗಿಯೇ ಬರುವವರು ಒಂದು ವಿಷಯ ನೆನಪಿಡಿ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಪ್ರಕ್ಷುಬ್ಧ. ಆಗ ನಾಡದೋಣಿಯವರು ತಂದ ಅಷ್ಟಿಷ್ಟು ಮೀನು, ಹೊಳೆಮೀನು, ಮಂಜುಗಡ್ಡೆಯಲ್ಲಿಟ್ಟು ಹೊರಗಿನಿಂದ ತರಿಸಿದ್ದು ಮಾತ್ರ ಸಿಗುತ್ತದೆ. ದರ ಏರಿರುತ್ತದೆ, ತಾಜಾತನ ಇಳಿದಿರುತ್ತದೆ. ಮೀನೂಟವೇ ಗುರಿಯಾದರೆ ಸೆಪ್ಟೆಂಬರಿನಿಂದ ಫೆಬ್ರವರಿಯ ಒಳಗೆ ಬನ್ನಿ.

ಹಾಗೆಂದು ಮಳೆಗಾಲ ತಿನ್ನುವವರಿಗೆ ಬರಗಾಲವಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುವರ ಆಟಿ ತಿಂಗಳು. ಕೆಸುವಿನ ಎಲೆಯ ಪತ್ರೊಡೆ, ಕಣಿಲೆ (ಎಳೆ ಬಿದಿರು) ಪಲ್ಯ, ಚಗಟೆ ಸೊಪ್ಪಿನ ವಡೆ, ಬೇಸಿಗೆಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಹಲಸಿನ ಸೊಳೆಯ ಅಡುಗೆ, ಎಲ್ಲವೂ ಆಗಿನವು. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಮನೆಮನೆಯಲ್ಲಿ ಹಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿದು ಮೇಲೆ ಮೆಂತೆ ಗಂಜಿ ಉಣ್ಣುತ್ತಾರೆ. ಆ ಕಷಾಯವನ್ನು ತಿಳಿದವರು ಕೊಟ್ಟರೆ ಮಾತ್ರ ಕುಡಿಯಿರಿ. ಮರ ಗುರುತಿಸುವಲ್ಲಿ ಎಡವಿದರೆ ಪ್ರಾಣಕ್ಕೇ ಅಪಾಯ. ಅಷ್ಟಮಿ, ಚೌತಿಯ ಹೊತ್ತಿಗೆ ಮುಂಡೇವಿನ (ಕೇದಗೆ ಜಾತಿಯ ಗಿಡ) ಓಲೆಯ ಕೊಟ್ಟೆಯಲ್ಲಿ ಇಡ್ಲಿಯಂತೆ ಬೇಯಿಸಿದ ಮೂಡೆ, ಅರಸಿನ ಎಲೆಯ ‘ಗಟ್ಟಿ’ ಎಂಬ ಕಡುಬು ಬರುತ್ತವೆ. ಡಿಸೆಂಬರಿನಲ್ಲಿ ಬೇಕರಿಗಳ ಗಾಜಿನ ಕಪಾಟು ಕುಸ್ವಾರ್‌ನಿಂದ, ಅಂದರೆ ಕ್ರಿಸ್ಮಸ್ ತಿಂಡಿಗಳಿಂದ, ತುಂಬುತ್ತದೆ. ಕಿಡಿಯೊ, ನೆವ್ರಿ, ಗುಳಿಯೊ ಎಲ್ಲ ಬೆರೆಸಿ ಪೊಟ್ಟಣ ಕಟ್ಟಿ ಕೊಡುತ್ತಾರೆ. ಏಪ್ರಿಲ್, ಮೇ ಹಲಸಿನ ಕಾಲ: ಗಟ್ಟಿ, ಮುಳುಕ, ಹಪ್ಪಳ. ಸೆಕೆ ತಡೆಯುವ ಶಕ್ತಿ ಇದ್ದರೆ ಆಗಲೂ ಬನ್ನಿ.

ಉಳಿದುಕೊಳ್ಳುವುದಕ್ಕೆ ಹಂಪನಕಟ್ಟೆ ಅಥವಾ ಕೊಡಿಯಾಲ್‌ಬೈಲ್ ಸುತ್ತಮುತ್ತ ರೂಮು ಹಿಡಿಯಿರಿ. ರಥಬೀದಿ, ಬಂದರು, ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣ, ಸೆಂಟ್ರಲ್ ರೈಲು ನಿಲ್ದಾಣ ಎಲ್ಲಕ್ಕೂ ನಡೆದೇ ಹೋಗಬಹುದು. ತಿಂದದ್ದು ಕರಗಲಿಕ್ಕೂ ಆ ನಡಿಗೆ ಬೇಕು. ರೈಲಲ್ಲಿ ಬರುವವರು ಟಿಕೆಟ್ಟಿನಲ್ಲಿ ‘ಸೆಂಟ್ರಲ್’ ಇದೆಯೋ ‘ಜಂಕ್ಷನ್’ ಇದೆಯೋ ನೋಡಿಕೊಳ್ಳಿ. ಜಂಕ್ಷನ್ ಇರುವುದು ಪಡೀಲಿನ ಕಡೆ, ಅಲ್ಲಿಂದ ಪೇಟೆಗೆ ರಿಕ್ಷಾ ಹಿಡಿಯಬೇಕು. ಕೆಎಸ್‌ಆರ್‌ಟಿಸಿ ಬಸ್ಸಿನವರು ಇಳಿಯುವುದು ಬಿಜೈಯಲ್ಲಿ.

ಹಂತ 1: ಊರು ಮುಟ್ಟುವ ಮೊದಲೇ ಒಂದು ಚಾ

ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಕಾರಿನಲ್ಲಿ ಬರುವವರ ತಿನ್ನುವ ಕೆಲಸ ಮಂಗಳೂರಿಗಿಂತ ಇಪ್ಪತ್ತೈದು, ಮೂವತ್ತು ಕಿಲೋಮೀಟರ್ ಮೊದಲೇ, ಕಲ್ಲಡ್ಕದಲ್ಲಿ ಶುರುವಾಗಬೇಕು. ಅಲ್ಲಿಯ ಲಕ್ಷ್ಮೀನಿವಾಸ ಹೋಟೆಲಿನ ‘ಕೆ.ಟಿ.’, ಅಂದರೆ ಕಲ್ಲಡ್ಕ ಟೀ, 1952ರಿಂದ ಹೆಸರು ಮಾಡಿದ್ದು. ಗಾಜಿನ ಲೋಟದಲ್ಲಿ ಕೆಳಗೆ ಸಕ್ಕರೆ ಬೆರೆತ ದಪ್ಪ ಹಾಲು, ಅದರ ಮೇಲೆ ನಿಧಾನಕ್ಕೆ ಹೊಯ್ದ ಕಡುಕೆಂಪು ಡಿಕಾಕ್ಷನ್. ಎರಡೂ ಬೆರೆಯದೆ ಗೆರೆ ಎಳೆದಂತೆ ಪದರವಾಗಿ ನಿಂತಿರುತ್ತವೆ. ಸಕ್ಕರೆ ಹಾಕಿದ ಹಾಲಿನ ಸಾಂದ್ರತೆ ಹೆಚ್ಚು, ಹಾಗಾಗಿ ಡಿಕಾಕ್ಷನ್ ಮೇಲೆಯೇ ತೇಲುತ್ತದೆ. ಮೊದಲ ಎರಡು ಗುಟುಕು ಕಲಕದೆ ಕುಡಿಯಿರಿ, ಕಹಿಯ ಹಿಂದಿನಿಂದ ಸಿಹಿ ಬರುವುದು ಗೊತ್ತಾಗುತ್ತದೆ. ಆಮೇಲೆ ಚಮಚದಿಂದ ಕಲಕಿ. ಕಲ್ಲಡ್ಕಕ್ಕೆ ಈಗ ಮೇಲ್ಸೇತುವೆ ಬಂದಿದೆ. ಅದನ್ನು ಹತ್ತಿಬಿಟ್ಟರೆ ಪೇಟೆ ಕಾಲ ಕೆಳಗೇ ದಾಟಿಹೋಗುತ್ತದೆ. ಮೊದಲೇ ಸರ್ವೀಸ್ ರಸ್ತೆಗೆ ತಿರುಗಿಕೊಳ್ಳಿ.

ಹಂತ 2: ಬೆಳಿಗ್ಗೆ ಏಳರಿಂದ ಒಂಬತ್ತು

ಎದ್ದ ಕೂಡಲೇ ಮಸಾಲೆ ದೋಸೆ ಹೇಳಬೇಡಿ. ಮಸಾಲೆ ದೋಸೆ ನಿಮ್ಮೂರಲ್ಲೂ ಸಿಗುತ್ತದೆ. ಹಂಪನಕಟ್ಟೆ, ಕೊಡಿಯಾಲ್‌ಬೈಲ್, ರಥಬೀದಿಯ ಹಳೆಯ ಸಸ್ಯಾಹಾರಿ ಹೋಟೆಲುಗಳಲ್ಲಿ ಈ ಕ್ರಮದಲ್ಲಿ ತಿನ್ನಿ. ಇಬ್ಬರು ಮೂವರು ಇದ್ದರೆ ಒಂದೊಂದು ಪ್ಲೇಟು ಹೇಳಿ ಹಂಚಿಕೊಳ್ಳಿ.

ಮೊದಲು ಬನ್ಸ್. ಬೇಕರಿಯ ಬನ್ನಿಗೂ ಇದಕ್ಕೂ ಸಂಬಂಧವಿಲ್ಲ. ಕಳಿತ ಬಾಳೆಹಣ್ಣನ್ನು ಕಿವುಚಿ ಮೈದಾ, ಮೊಸರು, ಸಕ್ಕರೆ, ಜೀರಿಗೆ ಹಾಕಿ ಕಲಸಿದ ಹಿಟ್ಟನ್ನು ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಲಟ್ಟಿಸಿ ಕರಿಯುತ್ತಾರೆ. ಒಳ್ಳೆಯ ಬನ್ಸ್ ಮುರಿದಾಗ ಒಳಗೆ ಜಾಳುಜಾಳಾಗಿರಬೇಕು, ಬಾಳೆಹಣ್ಣಿನ ಪರಿಮಳ ಮೂಗಿಗೆ ಬರಬೇಕು, ಎಣ್ಣೆ ಬೆರಳಿಗೆ ಹತ್ತಬಾರದು. ಸಿಹಿ ಬನ್ಸಿಗೆ ಖಾರದ ಕಾಯಿ ಚಟ್ನಿ, ಸಾಂಬಾರು ಜೊತೆ. ಮೊದಲ ತುತ್ತಿಗೆ ಘಟ್ಟದವರಿಗೆ ಇದು ವಿಚಿತ್ರ ಅನ್ನಿಸಬಹುದು, ಎರಡನೆಯದಕ್ಕೆ ಸರಿಹೋಗುತ್ತದೆ.

ಆಮೇಲೆ ಸಜ್ಜಿಗೆ-ಬಜಿಲ್. ಸಜ್ಜಿಗೆ ಅಂದರೆ ಉಪ್ಪಿಟ್ಟು, ಬಜಿಲ್ ಅಂದರೆ ತೆಂಗಿನತುರಿ, ಬೆಲ್ಲ, ಮೆಣಸು ಹಾಕಿ ಕಲಸಿದ ತೆಳು ಅವಲಕ್ಕಿ. ಒಂದು ಮೃದು, ಇನ್ನೊಂದು ಗರಿಗರಿ. ಎರಡನ್ನೂ ಬೆರಳಿನಿಂದ ಬೆರೆಸಿ ತಿನ್ನಬೇಕು, ಚಮಚದಲ್ಲಿ ಆ ಹದ ಸಿಗುವುದಿಲ್ಲ. ಈ ಊರಿನ ಬೆಳಗಿಗೆ ಇದಕ್ಕಿಂತ ಸಾಚಾ ತಿಂಡಿ ನನಗೆ ಗೊತ್ತಿಲ್ಲ.

ನೀರುದೋಸೆ ಹೇಳಿದರೆ ಅದು ಬಂದ ಕೂಡಲೇ ತಿನ್ನಿ. ಹುದುಗು ಬರಿಸದ ಅಕ್ಕಿಹಿಟ್ಟನ್ನು ನೀರುನೀರಾಗಿ ಕಾವಲಿಗೆ ಹೊಯ್ದು, ಒಂದೇ ಬದಿ ಬೇಯಿಸಿ, ನಾಲ್ಕು ಮಡಿಕೆ ಮಾಡಿ ಕೊಡುತ್ತಾರೆ. ಬಿಸಿ ಇರುವಾಗ ಒಂದರಿಂದ ಒಂದು ಬಿಡಿಬಿಡಿಯಾಗಿ ಏಳುತ್ತದೆ, ಹತ್ತು ನಿಮಿಷ ಕಳೆದರೆ ಅಂಟಿಕೊಳ್ಳುತ್ತದೆ. ಪಾರ್ಸೆಲ್ ನೀರುದೋಸೆ ಯಾವತ್ತೂ ಬೇಡ. ಜೊತೆಗೆ ಕಾಯಿ-ಬೆಲ್ಲ ಕೇಳಿ ನೋಡಿ, ಹಲವು ಕಡೆ ಕೊಡುತ್ತಾರೆ.

ಹೊಟ್ಟೆಯಲ್ಲಿ ಇನ್ನೂ ಜಾಗ ಇದ್ದರೆ ತಾಜ್‌ಮಹಲ್ ಹೆಸರಿನ ಹಳೆಯ ಕೆಫೆಗಳಲ್ಲಿ ಬಿಸ್ಕುಟ್ ರೊಟ್ಟಿ ಹುಡುಕಿ. ಖಾರದ ಹೂರಣ ತುಂಬಿ ಗರಿಯಾಗಿ ಕರಿದ ಪುಟ್ಟ ರೊಟ್ಟಿ ಅದು. ಕುಡಿಯುವುದಕ್ಕೆ ಕಾಫಿ, ಚಾ ಇದ್ದೇ ಇವೆ. ಆದರೆ ಒಮ್ಮೆ ಕಷಾಯ ಹೇಳಿ. ಕೊತ್ತಂಬರಿ, ಜೀರಿಗೆಯ ಪುಡಿಯನ್ನು ಹಾಲು, ಬೆಲ್ಲದೊಂದಿಗೆ ಕುದಿಸಿದ್ದು. ರೋಗಿಗಳ ಪಾನೀಯವೆಂದು ಹೆದರಬೇಡಿ, ಇಲ್ಲಿನವರು ದಿನವೂ ರುಚಿಗೆಂದೇ ಕುಡಿಯುತ್ತಾರೆ.

ಹಂತ 3: ಧಕ್ಕೆಗೆ ಹೋಗಿ ಮೀನು ಕಲಿಯಿರಿ

ಎರಡನೆಯ ದಿನ ತಿಂಡಿಗೂ ಮೊದಲೇ, ಬೆಳಕು ಹರಿಯುವಾಗ ಹಳೆ ಬಂದರಿನ ಧಕ್ಕೆಗೆ ಹೋಗಿ. ದೋಣಿಗಳಿಂದ ಬುಟ್ಟಿಬುಟ್ಟಿ ಮೀನು ಇಳಿಯುವುದನ್ನೂ ಹರಾಜು ಕೂಗುವುದನ್ನೂ ನೋಡಿದರೆ ಮಧ್ಯಾಹ್ನ ಏನು ಹೇಳಬೇಕೆಂದು ನಿಮಗೇ ಗೊತ್ತಾಗುತ್ತದೆ. ಹಳೆಯ ಚಪ್ಪಲಿ ಹಾಕಿಕೊಳ್ಳಿ, ನೆಲವೆಲ್ಲ ನೀರು. ಕೆಲಸದವರ ದಾರಿಗೆ ಅಡ್ಡ ನಿಲ್ಲಬೇಡಿ, ಕೇಳದೆ ಫೋಟೊ ತೆಗೆಯಬೇಡಿ.

ಗುರುತು ಮಾಡಿಕೊಳ್ಳಬೇಕಾದ ಹೆಸರುಗಳು ಇವು. ಬಂಗುಡೆ: ಬೆನ್ನಿನ ಮೇಲೆ ನೀಲಿ-ಹಸಿರು ಪಟ್ಟೆ, ಕರಾವಳಿಯ ಎಲ್ಲ ಮನೆಯ ಮೀನು. ಬೂತಾಯಿ: ಚಿಕ್ಕದು, ಎಣ್ಣೆಯಂಶ ಹೆಚ್ಚು, ಮುಳ್ಳೂ ಹೆಚ್ಚು, ರುಚಿ ಎಲ್ಲಕ್ಕಿಂತ ಹೆಚ್ಚು. ಅಂಜಲ್: ದೊಡ್ಡದು, ಅಡ್ಡ ಕೊಯ್ದ ತುಂಡು, ನಡುವೆ ಒಂದೇ ಮುಳ್ಳು. ಮಾಂಜಿ: ಚಪ್ಪಟೆ ದೇಹ, ಮೆತ್ತಗಿನ ಮಾಂಸ, ಬೆಲೆ ಜಾಸ್ತಿ. ಕಾಣೆ: ಉದ್ದಕ್ಕೆ, ಸಪೂರವಾಗಿ, ಬಿಳಿಯಾಗಿ. ನಂಗ್: ನಾಲಿಗೆಯಷ್ಟು ತೆಳು. ಎಟ್ಟಿ ಅಂದರೆ ಸಿಗಡಿ, ದೆಂಜಿ ಅಂದರೆ ಏಡಿ, ಮರ್ವಾಯಿ ಅಂದರೆ ಚಿಪ್ಪಿನೊಳಗಿನ ಮಾಂಸ, ಬೊಂಡಾಸ್ ಅಂದರೆ ಸ್ಕ್ವಿಡ್. ತಾಜಾ ಮೀನಿನ ಕಣ್ಣು ತಿಳಿಯಾಗಿ ಉಬ್ಬಿರುತ್ತದೆ, ಕಿವಿರು ಕೆಂಪಗಿರುತ್ತದೆ, ಬೆರಳಿನಿಂದ ಒತ್ತಿದರೆ ಗುಳಿ ಬೀಳದೆ ಮೇಲೇಳುತ್ತದೆ. ಗಾಢ ವಾಸನೆ ಹೊಡೆಯುವುದು ಹಳೆಯ ಮೀನು ಮಾತ್ರ.

ಹಂತ 4: ಮಧ್ಯಾಹ್ನದ ಮೀನೂಟ

ಈ ಪ್ರವಾಸದ ನಡುಗಂಬ ಇದು. ಹನ್ನೆರಡೂವರೆಗೆ ಹೋಟೆಲಿನ ಬಾಗಿಲಲ್ಲಿರಿ. ಒಂದು ಗಂಟೆ ದಾಟಿದರೆ ಆಫೀಸಿನವರು, ಬ್ಯಾಂಕಿನವರು, ಬಂದರಿನ ವ್ಯಾಪಾರಿಗಳು ಎಲ್ಲರೂ ಒಟ್ಟಿಗೆ ಬರುತ್ತಾರೆ. ಬಂದರಿನ ನಾರಾಯಣ, ರಥಬೀದಿ ಕಡೆಯ ಗಿರಿ ಮಂಜಾಸ್, ಕೊಡಿಯಾಲ್‌ಬೈಲಿನ ಮಚಲಿ, ಈ ಹೆಸರುಗಳನ್ನು ಯಾವ ರಿಕ್ಷಾದವರಿಗೆ ಹೇಳಿದರೂ ಕರೆದೊಯ್ಯುತ್ತಾರೆ. ಚಿಕ್ಕ ಜಾಗ, ಒತ್ತೊತ್ತಾಗಿ ಮೇಜು, ಅಪರಿಚಿತರ ಪಕ್ಕದಲ್ಲೇ ಕೂರಬೇಕು. ತಿನ್ನುತ್ತಿರುವವರ ಬೆನ್ನ ಹಿಂದೆ ನಿಂತು ಜಾಗ ಕಾಯುವುದು ಇಲ್ಲಿ ರೂಢಿ, ಯಾರೂ ತಪ್ಪು ತಿಳಿಯುವುದಿಲ್ಲ.

ಕೂತ ಮೇಲೆ ಕೇಳುವ ಮೊದಲ ಪ್ರಶ್ನೆ: ‘ಕುಚಲಕ್ಕಿಯಾ, ಬೆಳ್ತಿಗೆಯಾ?’ ಕುಚಲಕ್ಕಿ ಅನ್ನಿ. ಕೆಂಪು ಗೆರೆಯ ದಪ್ಪ ಕಾಳಿನ ಆ ಅನ್ನ ಮೀನಿನ ಸಾರಿನ ಹುಳಿ-ಖಾರವನ್ನು ಹೀರಿಕೊಂಡೂ ಮುದ್ದೆಯಾಗದೆ ಉಳಿಯುತ್ತದೆ. ಬೆಳ್ತಿಗೆಯ, ಅಂದರೆ ಮಾಮೂಲಿ ಬಿಳಿ ಅಕ್ಕಿಯ, ಅನ್ನಕ್ಕೆ ಅದು ಆಗುವುದಿಲ್ಲ. ಊಟದೊಂದಿಗೆ ಮೀನಿನ ಸಾರು, ಒಂದು ಪಲ್ಯ, ಉಪ್ಪಿನಕಾಯಿ ಬರುತ್ತವೆ. ಫ್ರೈ ಬೇರೆ ಹೇಳಬೇಕು.

ಫ್ರೈ ಹೇಳುವಾಗ ಮೆನು ಕಾರ್ಡು ಮುಚ್ಚಿಡಿ. ಇಂಥ ಹೋಟೆಲುಗಳಲ್ಲಿ ಮಸಾಲೆ ಮೆತ್ತಿದ ಮೀನನ್ನು ದೊಡ್ಡ ತಟ್ಟೆಯಲ್ಲಿ ಜೋಡಿಸಿ ಮೇಜಿಗೇ ತರುತ್ತಾರೆ. ಬೆರಳು ತೋರಿಸಿ ಆರಿಸಿಕೊಳ್ಳಬೇಕು. ತಟ್ಟೆ ತರದಿದ್ದರೆ ‘ಇನಿ ದಾದ ಮೀನ್ ಉಂಡು?’ ಎಂದು ತುಳುವಿನಲ್ಲಿ ಕೇಳಿ, ಇವತ್ತು ಯಾವ ಮೀನಿದೆ ಅಂತ. ಕನ್ನಡದಲ್ಲಿ ಕೇಳಿದರೂ ಉತ್ತರ ಸಿಗುತ್ತದೆ, ತುಳುವಿನಲ್ಲಿ ಕೇಳಿದರೆ ಉತ್ತರದ ಜೊತೆ ಸಲಹೆಯೂ ಸಿಗುತ್ತದೆ. ಅಂಜಲ್, ಮಾಂಜಿಗಳ ಬೆಲೆ ಗಾತ್ರದ ಮೇಲೆ, ದಿನದ ಮೇಲೆ ಹೋಗುತ್ತದೆ. ಆರಿಸಿದ ಮೀನಿನ ಬೆಲೆಯನ್ನು ಕರಿಯುವ ಮೊದಲೇ ಕೇಳಿ. ಅದರಲ್ಲಿ ನಾಚಿಕೆಯೇನಿಲ್ಲ, ಊರಿನವರೂ ಕೇಳುತ್ತಾರೆ.

ಮೀನಿನ ಮುಳ್ಳು ಬಿಡಿಸಿ ಅಭ್ಯಾಸವಿಲ್ಲದವರು ಅಂಜಲ್ ತವಾ ಫ್ರೈಯಿಂದ ಶುರು ಮಾಡಿ. ಸ್ವಲ್ಪ ಧೈರ್ಯ ಬಂದ ಮೇಲೆ ಕಾಣೆ ರವಾ ಫ್ರೈ. ಕಾಣೆಯನ್ನು ತಿನ್ನುವುದಕ್ಕೆ ಒಂದು ಕ್ರಮ ಉಂಟು: ಬೆನ್ನಿನ ಉದ್ದಕ್ಕೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಮೇಲಿನ ಅರ್ಧ ಸಡಿಲವಾಗಿ ಎದ್ದು ಬರುತ್ತದೆ. ಅದನ್ನು ತಿಂದು, ನಡುವಿನ ಮುಳ್ಳನ್ನು ಬಾಲದ ಕಡೆಯಿಂದ ಹಿಡಿದು ಎತ್ತಿದರೆ ತಲೆಯ ತನಕ ಒಂದೇ ಎಳೆಯಾಗಿ ಬರುತ್ತದೆ. ಉಳಿದ ಅರ್ಧ ನಿಮ್ಮದು. ಬೂತಾಯಿಯನ್ನು ಗಡಿಬಿಡಿಯಲ್ಲಿ ತಿನ್ನಬೇಡಿ. ತುತ್ತನ್ನು ಬಾಯಿಗಿಡುವ ಮೊದಲು ಬೆರಳಲ್ಲೇ ಒಮ್ಮೆ ಒತ್ತಿ ನೋಡಿ, ಮಾತಾಡುತ್ತಾ ನುಂಗಬೇಡಿ. ಅಪ್ಪಿತಪ್ಪಿ ಮುಳ್ಳು ಗಂಟಲಿಗೆ ಸಿಕ್ಕಿಕೊಂಡಿತೆಂದರೆ ಅದರ ಮೇಲೆ ಅನ್ನದ ಉಂಡೆ ನುಂಗಿ ತಳ್ಳುವ ಸಾಹಸ ಬೇಡ, ಡಾಕ್ಟರ ಬಳಿ ಹೋಗಿ ತೆಗೆಸಿಕೊಳ್ಳಿ.

ಪದಾರ್ಥದ ಹೆಸರುಗಳೂ ಗೊತ್ತಿರಲಿ, ಇಲ್ಲದಿದ್ದರೆ ಎಲ್ಲವೂ ಕೆಂಪಗೆ ಒಂದೇ ರೀತಿ ಕಾಣುತ್ತವೆ. ಗಸಿ ಅಂದರೆ ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿಯನ್ನು ತೆಂಗಿನಕಾಯಿ ಜೊತೆ ನುಣ್ಣಗೆ ರುಬ್ಬಿದ ದಪ್ಪ ರಸ. ಪುಳಿಮುಂಚಿಯಲ್ಲಿ ಕಾಯಿ ಇಲ್ಲ, ಹುಣಸೆ ಮತ್ತು ಮೆಣಸಿನದೇ ಕಾರುಬಾರು. ಬಂಗುಡೆ, ಬೂತಾಯಿಗೆ ಹೇಳಿ ಮಾಡಿಸಿದ್ದು. ಸುಕ್ಕ ಅಂದರೆ ಕಾಯಿತುರಿ ಉದುರಾಗಿ ಹತ್ತಿಕೊಂಡ ಒಣ ಪದಾರ್ಥ, ಮರ್ವಾಯಿ ಸುಕ್ಕ ಸಿಕ್ಕಿದರೆ ಬಿಡಬೇಡಿ. ಕೊಂಕಣಿಗರ ಅಡುಗೆಯಲ್ಲಿ ಬಂಗುಡೆಗೆ ತೆಪ್ಪಲ್ ಎಂಬ ಕಾಡುಕಾಯಿ ಹಾಕುತ್ತಾರೆ, ಅದರ ಪರಿಮಳ ಬೇರೆ ಯಾವ ಮಸಾಲೆಗೂ ಇಲ್ಲ. ಖಾರ ತಡೆಯದವರು ಪುಳಿಮುಂಚಿಯನ್ನು ಎರಡನೆಯ ದಿನಕ್ಕೆ ಇಟ್ಟುಕೊಳ್ಳಿ.

ಸಾಕು ಅನ್ನಲು ‘ಯಾವು’ ಅನ್ನಿ. ಅನ್ನ ಬಡಿಸುವವರ ಕೈ ಇಲ್ಲಿ ಧಾರಾಳ, ಬೇಗ ಹೇಳದಿದ್ದರೆ ಇನ್ನೊಂದು ಸೌಟು ಬಿದ್ದಿರುತ್ತದೆ. ಊಟದ ಕೊನೆಗೆ ಪುನರ್ಪುಳಿ (ಕೋಕಂ) ಸಾರು ಅಥವಾ ಶರಬತ್ತು ಇದೆಯೇ ಕೇಳಿ. ಖಾರ ಉಂಡ ಮೇಲೆ ಆ ಹುಳಿ-ಸಿಹಿ ಗಂಟಲಿಗೆ ತಂಪು.

ಮೀನು ಮಾಂಸ ತಿನ್ನದವರಿಗೆ

ಈ ಊರಲ್ಲಿ ಸಸ್ಯಾಹಾರಿಗಳು ಬಡವಾಗುವ ಪ್ರಶ್ನೆಯೇ ಇಲ್ಲ. ಮಧ್ಯಾಹ್ನದ ಊಟಕ್ಕೆ ನಾರ್ತ್ ಇಂಡಿಯನ್ ಪುಟದತ್ತ ಮಾತ್ರ ಹೋಗಬೇಡಿ. ಮಂಗಳೂರು ಸೌತೆಯ ಹುಳಿ, ಬಸಳೆ-ಅಲಸಂದೆ ಪದಾರ್ಥ, ಹರಿವೆ ಸೊಪ್ಪಿನ ಪಲ್ಯ, ತಂಬುಳಿ, ಅನಾನಸ್ ಮೆಣಸ್ಕಾಯಿ, ಕೊಂಕಣಿಗರ ದಾಳಿತೋಯ್ ಇವುಗಳಲ್ಲಿ ಒಂದೆರಡಾದರೂ ಇರುವ ಊಟದ ಹೋಟೆಲು ಹುಡುಕಿ. ದಾಳಿತೋಯ್ ತೊಗರಿಬೇಳೆಗೆ ಇಂಗು, ಹಸಿಮೆಣಸು, ಒಗ್ಗರಣೆ ಅಷ್ಟೇ ಇರುವ ಸಾರು. ಅದನ್ನು ಬಿಸಿ ಅನ್ನದ ಮೇಲೆ ಸುರಿದು ಉಂಡವರು ಮಸಾಲೆ ಪುಡಿಗಳನ್ನು ಮರೆಯುತ್ತಾರೆ. ಸಮಯವಿದ್ದರೆ ನಂದಿನಿ ನದಿಯ ನಡುಗಡ್ಡೆಯಲ್ಲಿರುವ ಕಟೀಲು ದೇವಸ್ಥಾನಕ್ಕೆ ಹೋಗಿ ಮಧ್ಯಾಹ್ನದ ಪ್ರಸಾದದ ಊಟ ಮಾಡಿ.

ಹಂತ 5: ಎರಡರಿಂದ ನಾಲ್ಕು, ಮಲಗಿ

ಹೇಳುವುದಕ್ಕೆ ಹೆಚ್ಚೇನಿಲ್ಲ. ಸೆಕೆ, ಬೆವರು, ಹೊಟ್ಟೆ ತುಂಬ ಕುಚಲಕ್ಕಿ. ದಾರಿಯಲ್ಲಿ ಒಂದು ಬೊಂಡ, ಅಂದರೆ ಎಳನೀರು, ಕುಡಿದು ರೂಮಿಗೆ ಹೋಗಿ ಮಲಗಿ.

ಹಂತ 6: ಸಂಜೆಯ ತಿಂಡಿ, ಕಡಲು, ಗಡ್‌ಬಡ್

ನಾಲ್ಕು ಗಂಟೆಗೆ ಗೋಳಿಬಜೆಯ ಮೊದಲ ಎಣ್ಣೆ ಕಾಯುತ್ತದೆ. ಹುಳಿ ಮೊಸರು ಹಾಕಿದ ಮೈದಾ ಹಿಟ್ಟಿಗೆ ಶುಂಠಿ, ಹಸಿಮೆಣಸು, ಕರಿಬೇವು, ಕಾಯಿಚೂರು ಸೇರಿಸಿ ಕೈಯಿಂದಲೇ ಎಣ್ಣೆಗೆ ಬಿಡುತ್ತಾರೆ. ಹೊರಗೆ ಹೊಂಬಣ್ಣ, ಒಳಗೆ ಸ್ಪಂಜು. ಮುರಿದಾಗ ಹಬೆ ಏಳದಿದ್ದರೆ ಬೇರೆ ಹೋಟೆಲಿಗೆ ಹೋಗಿ. ಇದರ ಜೊತೆ ಅಂಬಡೆ (ಬೇಳೆವಡೆ), ಒಂದು ಚಾ.

ಅಲ್ಲಿಂದ ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಸುರತ್ಕಲ್ ಕಡೆಯ ಖಾಸಗಿ ಸಿಟಿ ಬಸ್ ಹತ್ತಿ ಪಣಂಬೂರಿಗೆ ಹೋಗಿ, ಇಲ್ಲವೇ ಸುಲ್ತಾನ್ ಬತ್ತೇರಿಯಿಂದ ದೋಣಿ ದಾಟಿ ತಣ್ಣೀರುಬಾವಿಗೆ. ದೋಣಿಗೆ ಹೋಗುವವರು ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ದಾಟುವಾಗಲೇ ವಿಚಾರಿಸಿಕೊಳ್ಳಿ. ಕಡಲ ಬದಿಯಲ್ಲಿ ತಿನ್ನಬೇಕಾದ್ದು ಚರುಮುರಿ. ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಮೆಣಸಿನಪುಡಿ, ಲಿಂಬೆರಸ, ಮತ್ತೆ ಮುಖ್ಯವಾಗಿ ಹಸಿ ತೆಂಗಿನೆಣ್ಣೆ. ಆ ಎಣ್ಣೆಯ ಪರಿಮಳವೇ ಇಲ್ಲಿನ ಚರುಮುರಿಯನ್ನು ಭೇಲ್‌ಪುರಿಯಿಂದ ಬೇರೆ ಮಾಡುವುದು. ಕೈಯಲ್ಲಿ ಪೊಟ್ಟಣ ಬಂದ ಮೇಲೆ ಫೋಟೊಕ್ಕೆಂದು ಕಾಯಬೇಡಿ, ಎರಡೇ ನಿಮಿಷದಲ್ಲಿ ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ನೀರಿಗಿಳಿಯಬೇಡಿ.

ಪೇಟೆಗೆ ವಾಪಸಾದ ಮೇಲೆ ಐಸ್‌ಕ್ರೀಮ್. 1975ರಲ್ಲಿ ಶುರುವಾದ ಐಡಿಯಲ್ ಮತ್ತು ಅದೇ ಬಳಗದ ಲಾಲ್‌ಬಾಗಿನ ಪಬ್ಬಾಸ್‌ನಲ್ಲಿ ಸಂಜೆ ಜನ ಜಾಗಕ್ಕೆ ಕಾಯುವುದು ಸಾಮಾನ್ಯ. ಹೊಸಬರು ಗಡ್‌ಬಡ್ ತಿನ್ನದೆ ಹೋಗಬಾರದು. ಎತ್ತರದ ಗಾಜಿನ ಲೋಟದಲ್ಲಿ ಜೆಲ್ಲಿ, ಹಣ್ಣಿನ ಚೂರು, ಬೇರೆಬೇರೆ ಐಸ್‌ಕ್ರೀಮುಗಳು, ಗೋಡಂಬಿ, ದ್ರಾಕ್ಷಿ ಪದರಪದರವಾಗಿರುತ್ತವೆ. ಉದ್ದನೆಯ ಚಮಚವನ್ನು ತಳದ ತನಕ ಇಳಿಸಿ ಎಲ್ಲ ಪದರವೂ ಸ್ವಲ್ಪ ಸ್ವಲ್ಪ ಬರುವಂತೆ ಮೇಲೆತ್ತಿ. ಮೇಲಿನಿಂದ ಸರದಿಯಲ್ಲಿ ತಿಂದರೆ ಕೊನೆಗೆ ಬರೀ ಜೆಲ್ಲಿ ಉಳಿಯುತ್ತದೆ. ಗಡ್‌ಬಡ್ ಮೊದಲು ಹುಟ್ಟಿದ್ದು ತಮ್ಮಲ್ಲಿ, ಡಯಾನಾ ಹೋಟೆಲಿನಲ್ಲಿ ಎಂದು ಉಡುಪಿಯವರು ಹೇಳುತ್ತಾರೆ. ನಾನು ಆ ಜಗಳಕ್ಕೆ ಹೋಗುವುದಿಲ್ಲ, ಎರಡೂ ಕಡೆ ತಿನ್ನುತ್ತೇನೆ.

ಹಂತ 7: ರಾತ್ರಿ

ಮೊದಲ ರಾತ್ರಿಗೆ ಕೋರಿ ರೊಟ್ಟಿ. ಅಕ್ಕಿಯ ಹಿಟ್ಟನ್ನು ಕಾಗದದಷ್ಟು ತೆಳುವಾಗಿ ಎರೆದು ಒಣಗಿಸಿದ ಗರಿಗರಿ ರೊಟ್ಟಿ, ಜೊತೆಗೆ ತೆಂಗಿನ ಹಾಲು ಬಿದ್ದ ಕೋಳಿ ಗಸಿ. ರೊಟ್ಟಿಯನ್ನೆಲ್ಲ ಒಮ್ಮೆಗೇ ಪುಡಿ ಮಾಡಿ ಸಾರು ಸುರಿದರೆ ಕೊನೆಯ ಅರ್ಧ ಮುದ್ದೆಯಾಗುತ್ತದೆ. ಎರಡು ರೊಟ್ಟಿಯಷ್ಟು ಮುರಿದು ಹಾಕಿ, ಮೇಲೆ ಬಿಸಿ ಗಸಿ ಹೊಯ್ದು, ಅರೆ ನಿಮಿಷ ಬಿಡಿ. ಕೆಳಗಿನ ಚೂರುಗಳು ರಸ ಹೀರಿ ಮೆತ್ತಗಾಗಿರುತ್ತವೆ, ಮೇಲಿನವು ಇನ್ನೂ ಕುರುಕುರು ಅನ್ನುತ್ತಿರುತ್ತವೆ. ಎರಡೂ ಒಂದೇ ತುತ್ತಿಗೆ ಬರುವಂತೆ ಕೈಯಿಂದ ಎತ್ತಿ. ಅದು ಮುಗಿದ ಮೇಲೆ ಮತ್ತೆ ಎರಡು ರೊಟ್ಟಿ. ಗಸಿ ತಣ್ಣಗಾಗಿದ್ದರೆ ಬಿಸಿ ಮಾಡಿಸಿ ಕೇಳಿ, ತಣ್ಣನೆಯ ಗಸಿಗೆ ರೊಟ್ಟಿ ಸರಿಯಾಗಿ ಒಗ್ಗುವುದಿಲ್ಲ.

ಎರಡನೆಯ ರಾತ್ರಿಗೆ ಬೀದಿ ಬದಲಿಸಿ. ಬಂದರು, ಕುದ್ರೋಳಿ ಕಡೆ ಹೋದರೆ ಬ್ಯಾರಿಗಳ ಬಿರಿಯಾನಿ. ಕಂಕನಾಡಿ, ಫಳ್ನೀರ್, ಬೆಂದೂರು ಕಡೆ ಹೋದರೆ ಕ್ರೈಸ್ತರ ಅಡುಗೆ: ಹಂದಿ ಮಾಂಸದ ಬಫಾತ್ ಜೊತೆ ಸನ್ನ. ಸನ್ನ ಇಡ್ಲಿಯ ಹಾಗೇ ಕಂಡರೂ ಹೆಚ್ಚು ಉಬ್ಬಿರುತ್ತದೆ, ಸಣ್ಣಗೆ ಸಿಹಿ ಇರುತ್ತದೆ. ಹಿಂದೆ ಶೇಂದಿ ಹಾಕಿಯೇ ಅದರ ಹಿಟ್ಟು ಹುದುಗು ಬರಿಸುತ್ತಿದ್ದರು, ಈಗಲೂ ಶೇಂದಿ ಸಿಕ್ಕಿದವರು ಹಾಗೆಯೇ ಮಾಡುತ್ತಾರೆ. ಬಫಾತನ್ನು ಮಾಡಿದ ದಿನಕ್ಕಿಂತ ಮರುದಿನ ತಿಂದರೆ ರುಚಿ ಎಂದು ಆ ಮನೆಗಳಲ್ಲಿ ಎಲ್ಲರೂ ಹೇಳುತ್ತಾರೆ, ನನ್ನ ನಾಲಿಗೆಯೂ ಅದನ್ನು ಒಪ್ಪುತ್ತದೆ.

ಕುಡಿಯುವವರಿಗೆ ಎರಡು ಮಾತು. ಇಲ್ಲಿನ ಬಾರ್ ಆ್ಯಂಡ್ ರೆಸ್ಟೋರೆಂಟುಗಳಲ್ಲಿ ಅಡುಗೆ ನೆಪಕ್ಕೆ ಇರುವುದಲ್ಲ. ಕೋಳಿ ಸುಕ್ಕ, ಎಟ್ಟಿ ಘೀ ರೋಸ್ಟ್, ಬೊಂಡಾಸ್ ಫ್ರೈ ತಿನ್ನಲೆಂದೇ ಮನೆಮಂದಿ ಸಮೇತ ಬರುವವರಿದ್ದಾರೆ, ಅವರಿಗೆ ಫ್ಯಾಮಿಲಿ ರೂಮು ಬೇರೆ ಇರುತ್ತದೆ. ಕುಡಿಯದವರೂ ಊಟಕ್ಕೆ ಧೈರ್ಯವಾಗಿ ಹೋಗಬಹುದು. ಇನ್ನು ಶೇಂದಿ, ತುಳುವಿನಲ್ಲಿ ಕಲಿ. ಮರದಿಂದ ಇಳಿಸಿದ ಕ್ಷಣದಿಂದಲೇ ಅದು ತಾನಾಗಿ ಹುಳಿ ಬರತೊಡಗುತ್ತದೆ. ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ, ಅಮಲು. ಪರವಾನಗಿ ಇರುವ ಶೇಂದಿ ಅಂಗಡಿಯಲ್ಲಿ, ಬೆಳಗಿನ ಹೊತ್ತು ಮಾತ್ರ ರುಚಿ ನೋಡಿ. ದಾರಿಬದಿಯಲ್ಲಿ ಯಾರೋ ಬಾಟಲಿಯಲ್ಲಿ ತಂದದ್ದನ್ನು ಮುಟ್ಟಬೇಡಿ. ಕುಡಿದು ಬೈಕ್, ಕಾರು ಬೇಡ. ಹೆದ್ದಾರಿ 66ರಲ್ಲಿ ರಾತ್ರಿ ಓಡುವ ಲಾರಿಗಳಿಗೆ ನಿಮ್ಮ ಸಂಭ್ರಮ ಗೊತ್ತಿರುವುದಿಲ್ಲ.

ಮೂರನೆಯ ದಿನ ಸಿಕ್ಕರೆ

ಉಡುಪಿಗೆ ಹೋಗಿ. ಅರವತ್ತು ಕಿಲೋಮೀಟರಿಗೂ ಕೊಂಚ ಕಡಿಮೆ. ಸ್ಟೇಟ್ ಬ್ಯಾಂಕಿನಿಂದ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಹಿಂದೆ ಒಂದು ಹೊರಡುತ್ತವೆ. ರಥಬೀದಿಯ ಮಿತ್ರ ಸಮಾಜದಲ್ಲಿ ಬನ್ಸ್, ಗೋಳಿಬಜೆ ತಿಂದು ಮಂಗಳೂರಿನದರೊಂದಿಗೆ ತಾಳೆ ನೋಡಿ. ಮಧ್ಯಾಹ್ನ ಕೃಷ್ಣಮಠದಲ್ಲಿ ಪಂಕ್ತಿಯಲ್ಲಿ ಕೂತು ಪ್ರಸಾದದ ಊಟ, ಅಲ್ಲಿನ ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿ ಸೇರುವುದಿಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮಟ್ಟುಗುಳ್ಳ, ಆ ಹಸಿರು ಗುಂಡು ಬದನೆ, ಕಟಪಾಡಿ ಹತ್ತಿರದ ಮಟ್ಟು ಗ್ರಾಮದ್ದು. ಅದರ ಹುಳಿ ಸಿಕ್ಕಿದರೆ ಎರಡನೆಯ ಸಲ ಹಾಕಿಸಿಕೊಳ್ಳಿ. ಇನ್ನೂ ಮುಂದೆ ಹೋಗುವ ಉತ್ಸಾಹವಿದ್ದರೆ ಕುಂದಾಪುರದ ಶೆಟ್ಟಿ ಲಂಚ್ ಹೋಮ್. ಕೋಳಿ ಘೀ ರೋಸ್ಟ್ ಹೆಸರು ಮಾಡಿದ್ದು ಅಲ್ಲಿಂದ. ಬ್ಯಾಡಗಿ ಮೆಣಸು, ಹುಣಸೆಹುಳಿ ಸೇರಿದ ಮಸಾಲೆ ತುಪ್ಪದಲ್ಲಿ ಹುರಿದು ಹುರಿದು ಕೋಳಿಯ ಮೈಗೆ ಅಂಟಿಕೊಂಡಿರಬೇಕು. ತಟ್ಟೆಯಲ್ಲಿ ಗ್ರೇವಿ ಹರಿದಾಡುತ್ತಿದ್ದರೆ ಅದು ಬೇರೆ ಏನೋ.

ಹೊಟ್ಟೆಯ ಕಾಳಜಿ

ಇಲ್ಲಿನ ಅಡುಗೆಯ ಎಣ್ಣೆ ಬಹಳ ಕಡೆ ತೆಂಗಿನೆಣ್ಣೆ, ಪ್ರತಿ ಪದಾರ್ಥಕ್ಕೂ ತೆಂಗಿನಕಾಯಿ. ಅಭ್ಯಾಸವಿಲ್ಲದ ಹೊಟ್ಟೆಗೆ ಮೊದಲ ದಿನವೇ ಏಳು ಬಗೆ ತುಂಬಬೇಡಿ. ಒಂದು ಹೊತ್ತು ಗಂಜಿ-ಚಟ್ನಿ ಉಣ್ಣುವುದು ಒಳ್ಳೆಯದು. ಕುಚಲಕ್ಕಿ ಗಂಜಿ, ಸುಟ್ಟ ಒಣಮೀನಿನ ಚಟ್ನಿ ಅಥವಾ ಉಪ್ಪಿನಕಾಯಿ ಕೆಲವು ಹೋಟೆಲುಗಳಲ್ಲಿ ಸಿಗುತ್ತವೆ. ಏಡಿ, ಸಿಗಡಿ, ಚಿಪ್ಪು ಹಿಂದೆಂದೂ ತಿಂದಿಲ್ಲದವರು ಒಂದೆರಡು ತುತ್ತು ತಿಂದು, ಮೈ ತುರಿಕೆ, ಉಬ್ಬಸ ಏನೂ ಇಲ್ಲವೆಂದು ನೋಡಿಕೊಂಡು ಮುಂದುವರಿಯಿರಿ. ಬೆವರು ಬಹಳ ಹೋಗುವ ಊರು, ನೀರು ಕೈಯಲ್ಲಿರಲಿ.

ಕಟ್ಟಿಕೊಂಡು ಹೋಗಲು

ಹಸಿ ಮೀನು ಒಯ್ಯುವ ಆಸೆ ಬಿಡಿ, ಸರಿಯಾದ ಐಸ್ ಪೆಟ್ಟಿಗೆ ಇದ್ದರೆ ಮಾತು ಬೇರೆ. ಒಣಮೀನು ಬೇಕಾದರೆ ಎರಡು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಕಟ್ಟಿಸಿ, ಇಲ್ಲದಿದ್ದರೆ ಎ.ಸಿ. ಬಸ್ಸಿನಲ್ಲಿ ಸಹಪ್ರಯಾಣಿಕರ ಕೋಪಕ್ಕೆ ಗುರಿಯಾಗುತ್ತೀರಿ. ಹಲಸಿನ ಹಪ್ಪಳ, ಒಣಗಿಸಿದ ಪುನರ್ಪುಳಿ ಸಿಪ್ಪೆ, ಬಫಾತ್ ಪುಡಿ, ಗೋಡಂಬಿ, ಕುಚಲಕ್ಕಿ ಎಲ್ಲವೂ ಪ್ರಯಾಣಕ್ಕೆ ಒಗ್ಗುವಂಥವು. ಕುಚಲಕ್ಕಿ ಬೇಯಲು ಸಾಮಾನ್ಯ ಅಕ್ಕಿಗಿಂತ ತುಂಬ ಹೊತ್ತು, ತುಂಬ ನೀರು ಬೇಕು. ಕುಕ್ಕರಿನಲ್ಲಾದರೆ ಆರೇಳು ಸೀಟಿಯಾದರೂ ಕೂಗಿಸಿ, ಆಮೇಲೆ ತಿಳಿ ಬಸಿಯಿರಿ. ಕೋರಿ ರೊಟ್ಟಿಯ ಪ್ಯಾಕೆಟ್ಟನ್ನು ಮಾತ್ರ ಡಿಕ್ಕಿಗೆ, ಬ್ಯಾಗಿನ ತಳಕ್ಕೆ ಹಾಕಬೇಡಿ, ಶಿರಾಡಿಯ ತಿರುವುಗಳಲ್ಲಿ ಪುಡಿಪುಡಿಯಾಗುತ್ತದೆ. ಎಲ್ಲ ಸಾಮಾನಿನ ಮೇಲೆ ಇಡಿ, ಇಲ್ಲವೇ ತೊಡೆಯ ಮೇಲೆ ಇಟ್ಟುಕೊಂಡು ಕೂರಿ.